ಮಹಾನಕ್ಷತ್ರಗಳ ಜನ್ಮವೃತ್ತಾಂತ: ರೇಡಿಯೋ ಪ್ರಮಾಣಗಳ ಒಂದು ಆಕರವಿಮರ್ಶೆ

ಇತಿಹಾಸದ ಅಧ್ಯಾಪಕರಾದ ನಾವು ಖಗೋಳವಿಜ್ಞಾನದ ವಿಷಯವಾಗಿ ಲೇಖನಿಯೆತ್ತುವುದು ಅನಧಿಕಾರಚೇಷ್ಟೆಯೆಂದು ಕೆಲವರಿಗೆ ತೋರಬಹುದು. ನಕ್ಷತ್ರಗಳ ಭೌತಲಕ್ಷಣಗಳನ್ನು ಕುರಿತು ಹೊಸದಾಗಿ ಹೇಳತಕ್ಕ ಯಾವ ಮಾತೂ ನಮ್ಮಲ್ಲಿ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಆ ಶಾಸ್ತ್ರದ ಗ್ರಂಥಗಳಲ್ಲಿ ‘ನಕ್ಷತ್ರದ ಜೀವನಚರಿತ್ರೆ’, ‘ಶೈಶವ’, ‘ಜನ್ಮವೃತ್ತಾಂತ’ ಮುಂತಾದ ಮಾತುಗಳು ಧಾರಾಳವಾಗಿ ಬಳಕೆಯಲ್ಲಿವೆ. ಚರಿತ್ರೆಯೆಂಬ ಮಾತು ಬಂದ ಕಡೆ, ಪ್ರಮಾಣ ಯಾವುದು, ಕಾಲನಿರ್ಣಯ ಹೇಗೆ, ಸಾಕ್ಷಿ ಯಾರು ಎಂದು ಕೇಳುವ ಅಧಿಕಾರ ನಮ್ಮ ವಿಭಾಗಕ್ಕೂ ಉಂಟು.

ಈ ಲೇಖನಕ್ಕೆ ನಿಮಿತ್ತವಾದುದು ಒಂದು ಸಣ್ಣ ಪ್ರಸಂಗ. ಆಕರವಿಮರ್ಶೆಯ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ವಿಜ್ಞಾನದ ಪುಸ್ತಕವೊಂದರ ಚಿತ್ರವನ್ನು ತಂದು ತೋರಿಸಿದನು. ಎಡಗಡೆ ಕರಿಯ ಮೋಡ. ಅದರ ಬಲಕ್ಕೆ ಬಿಸಿಯಾದ ಗರ್ಭ. ಆಮೇಲೆ ಚಿಕ್ಕದೊಂದು ಕಾಂತಿಯ ಗುಳ್ಳೆ, ಮತ್ತೆ ದೊಡ್ಡ ಗುಳ್ಳೆ. ಕಡೆಯಲ್ಲಿ ಹೊಳೆಯುವ ನಕ್ಷತ್ರ. ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು. “ಇದನ್ನು ಮೊದಲಿನಿಂದ ಕೊನೆಯವರೆಗೆ ಯಾರು ನೋಡಿದರು ಸಾರ್?” ಎಂದು ಅವನು ಕೇಳಿದನು. ಯಾರೂ ನೋಡಿಲ್ಲವೆಂಬ ಉತ್ತರ ಸುಲಭ. ಯಾರೂ ನೋಡದಿರುವಲ್ಲಿ ಆ ಬಾಣಗಳನ್ನು ಬರೆದ ಆಧಾರವೇನೆಂಬುದು ಅಷ್ಟು ಸುಲಭವಲ್ಲ. ಪ್ರಕೃತ ಲೇಖನದಲ್ಲಿ ಅದನ್ನೇ ಪರಿಶೀಲಿಸುತ್ತೇವೆ.

ಸೂರ್ಯನ ಎಂಟುಪಟ್ಟಿಗಿಂತ ಹೆಚ್ಚು ದ್ರವ್ಯರಾಶಿಯುಳ್ಳ ನಕ್ಷತ್ರಗಳನ್ನು ಇಲ್ಲಿ ಮಹಾನಕ್ಷತ್ರಗಳೆಂದು ಕರೆದಿದ್ದೇವೆ. ಇವು ಸಂಖ್ಯೆಯಲ್ಲಿ ವಿರಳ, ಆಯುಸ್ಸಿನಲ್ಲಿ ಅಲ್ಪ. ಸೂರ್ಯನ ಆಯುಸ್ಸು ಸುಮಾರು ಸಾವಿರ ಕೋಟಿ ವರ್ಷವಾದರೆ, ಇವುಗಳಲ್ಲಿ ದೊಡ್ಡವು ಕೆಲವು ದಶಲಕ್ಷ ವರ್ಷಗಳಲ್ಲೇ ಉರಿದು ಮುಗಿಯುತ್ತವೆ. ಸಾಧಾರಣ ನಕ್ಷತ್ರವು ಸುತ್ತಣ ಅನಿಲವನ್ನು ಸೆಳೆದುಕೊಂಡು ಮುಗಿಸಿ, ನಿಧಾನವಾಗಿ ಕುಗ್ಗಿ, ಆಮೇಲೆ ತನ್ನ ಒಡಲಿನ ಜಲಜನಕವನ್ನು ಉರಿಸತೊಡಗುತ್ತದೆ. ಮಹಾನಕ್ಷತ್ರವಾದರೋ ಇನ್ನೂ ಸೆಳೆಯುತ್ತಿರುವಾಗಲೇ ಉರಿಯತೊಡಗುತ್ತದೆ. ಅದರ ಹುಟ್ಟೆಲ್ಲವೂ ದಟ್ಟವಾದ ಧೂಳಿನ ತೆರೆಯ ಹಿಂದೆ ನಡೆಯತಕ್ಕದ್ದು. ಕಣ್ಣಿಗೆ ಕಾಣುವ ಬೆಳಕು ಆ ತೆರೆಯನ್ನು ದಾಟದು. ಧೂಳಿನ ಕಣಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಅಲೆಯುದ್ದವುಳ್ಳ ರೇಡಿಯೋ ತರಂಗಗಳು ದಾಟಿ ಬರುತ್ತವೆ. ಹೀಗಾಗಿ ಈ ವಿಷಯದ ಮುಖ್ಯ ಆಕರಗಳಲ್ಲಿ ರೇಡಿಯೋ ವೀಕ್ಷಣೆಯು ಅಗ್ರಸ್ಥಾನದಲ್ಲಿದೆ.

ಈ ಆಕರವನ್ನು ಓದುವುದು ಆರಂಭದಲ್ಲಿ ಎಷ್ಟು ತೊಡಕಾಗಿತ್ತೆಂಬುದಕ್ಕೆ 1965ರ ಒಂದು ಘಟನೆ ನಿದರ್ಶನ. ಜಲಜನಕ ಮತ್ತು ಆಮ್ಲಜನಕಗಳ ಒಂದೊಂದು ಪರಮಾಣು ಕೂಡಿದ ಹೈಡ್ರಾಕ್ಸಿಲ್ ಎಂಬ ಘಟಕದ ರೇಡಿಯೋ ರೇಖೆಗಳನ್ನು ವೈನ್‌ರೆಬ್, ಬ್ಯಾರೆಟ್, ಮೀಕ್ಸ್, ಹೆನ್ರಿ ಎಂಬವರು 1963ರಲ್ಲಿ ಪತ್ತೆ ಹಚ್ಚಿದ್ದರು. ಈ ರೇಖೆಗಳಲ್ಲಿ 1667 ಮೆಗಾಹರ್ಟ್ಸಿನದು ಪ್ರಬಲ, 1665ರದು ಅದಕ್ಕಿಂತ ಕ್ಷೀಣ. ಅವುಗಳ ಪ್ರಮಾಣ 9ಕ್ಕೆ 5 ಎಂದು ಸಿದ್ಧಾಂತ. ಎರಡು ವರ್ಷಗಳ ತರುವಾಯ ಕ್ಯಾಲಿಫೋರ್ನಿಯದ ಹ್ಯಾಟ್ ಕ್ರೀಕ್ ವೀಕ್ಷಣಾಲಯದಲ್ಲಿ ಹೆರಾಲ್ಡ್ ವೀವರ್ ಮತ್ತು ಅವರ ಸಂಗಡಿಗರು ಓರಿಯನ್ ಮೊದಲಾದ ನೀಹಾರಿಕೆಗಳ ಕಡೆ ನೋಡಿದಾಗ, 1665ರ ಬಳಿ ಅತಿ ತೀಕ್ಷ್ಣವಾದ ರೇಖೆಯೊಂದು ಕಂಡಿತು. ಅದಕ್ಕೆ ತಕ್ಕಷ್ಟು ಬಲದಲ್ಲಿ ಇರಬೇಕಾದ ಜೊತೆಯ ರೇಖೆಗಳು ಕಾಣಲಿಲ್ಲ. ಸಿದ್ಧಾಂತಕ್ಕೆ ಹೊಂದದ ಈ ರೇಖೆಗೆ ಅವರು ‘ಮಿಸ್ಟೀರಿಯಂ’ ಎಂದು ಹೆಸರಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ನೀಹಾರಿಕೆಗಳ ಹಸುರು ರೇಖೆಗೆ ‘ನೆಬ್ಯೂಲಿಯಂ’ ಎಂಬ ಹೊಸ ಧಾತುವನ್ನು ಕಲ್ಪಿಸಿ, ಕಡೆಗೆ ಅದು ನಮ್ಮ ಆಮ್ಲಜನಕವೇ ಎಂದು 1927ರಲ್ಲಿ ತಿಳಿದುಬಂದುದನ್ನು ವಾಚಕರು ನೆನೆಯಬಹುದು.

ಮಿಸ್ಟೀರಿಯಂ ಬಹುಕಾಲ ಬಾಳಲಿಲ್ಲ. ಹೈಡ್ರಾಕ್ಸಿಲೇ ಮೇಸರಿನಂತೆ ವರ್ತಿಸಿ, ಒಂದು ರೇಖೆಯನ್ನು ಮಾತ್ರ ಅತಿಯಾಗಿ ವರ್ಧಿಸುತ್ತಿದೆಯೆಂಬುದು ಬೇಗನೆ ಸ್ಪಷ್ಟವಾಯಿತು. ದೂರದೂರದ ಆಂಟೆನಾಗಳನ್ನು ಜೋಡಿಸಿ ಅಳೆದಾಗ ಉಗಮಸ್ಥಾನಗಳು ಬಹಳ ಚಿಕ್ಕವೆಂದು ಕಂಡಿತು. ಅಷ್ಟು ಚಿಕ್ಕ ಸ್ಥಾನದಿಂದ ಅಷ್ಟು ಕಾಂತಿ ಬರೀ ಕಾವಿನಿಂದ ಬರಬೇಕಾದರೆ ಉಷ್ಣತೆಯು ನೂರಾರು ಕೋಟಿ ಡಿಗ್ರಿಗಳನ್ನು ಮೀರಬೇಕು. ಆ ಕಾವಿನಲ್ಲಿ ಹೈಡ್ರಾಕ್ಸಿಲ್ ಉಳಿಯಲಾರದು. ಮೇಸರನ್ನು ಚಾರ್ಲ್ಸ್ ಟೌನ್ಸ್ ಮತ್ತು ಅವರ ಸಂಗಡಿಗರು 1954ರಲ್ಲೇ ಪ್ರಯೋಗಶಾಲೆಯಲ್ಲಿ ನಿರ್ಮಿಸಿದ್ದರು. 1964ರಲ್ಲಿ ಅದಕ್ಕೆ ಸಂಬಂಧಿಸಿದ ಕಾರ್ಯಕ್ಕಾಗಿ ನೊಬೆಲ್ ಪಾರಿತೋಷಿಕವೂ ಸಂದಿತ್ತು. ಅಂದರೆ ಒಗಟಿನ ಉತ್ತರ ಕೈಯಲ್ಲಿದ್ದೂ ಒಗಟಿಗೊಂದು ಹೆಸರು ಹುಟ್ಟಿತು. ಇದನ್ನು ನಾವು ಆಕ್ಷೇಪಿಸುತ್ತಿಲ್ಲ. ಓದಲಾಗದ ಅಕ್ಷರವನ್ನು ಓದಿದಂತೆ ನಟಿಸದೆ ‘ಅಸ್ಪಷ್ಟ’ ಎಂದು ಬರೆದಿಡುವ ಶಾಸನತಜ್ಞನ ಪ್ರಾಮಾಣಿಕತೆಯೇ ಇಲ್ಲಿಯೂ ಕಾಣುತ್ತದೆ. ಮುಂದೆ ಟೌನ್ಸ್, ವೆಲ್ಚ್ ಮೊದಲಾದವರು ಅದೇ ಹ್ಯಾಟ್ ಕ್ರೀಕಿನಲ್ಲಿ ನೀರಾವಿಯ ಮೇಸರನ್ನು ಕಂಡರು. 1991ರಲ್ಲಿ ಕಾರ್ಲ್ ಮೆಂಟನ್ ಅವರು ಮೆಥನಾಲಿನ 6.7 ಗಿಗಾಹರ್ಟ್ಸ್ ಮೇಸರನ್ನು ಪ್ರಕಟಿಸಿದರು; ಇದು ಮಹಾನಕ್ಷತ್ರಗಳು ಹುಟ್ಟುವ ತಾಣಗಳಲ್ಲಿ ಮಾತ್ರ ಕಾಣತಕ್ಕದ್ದೆಂದು ಈಗ ಬಹುಮಟ್ಟಿಗೆ ಸಮ್ಮತವಾಗಿದೆ.

ರೇಖೆ ಯಾವುದರದೆಂದು ಗುರುತಿಸುವುದು ಒಂದು ಕೆಲಸ. ಕಂಡ ವಸ್ತುವಿನ ವಯಸ್ಸನ್ನು ಹೇಳುವುದು ಬೇರೆಯೇ ಕೆಲಸ. ನಮ್ಮ ಮುಖ್ಯವಾದ ವಿಮರ್ಶೆ ಇರುವುದು ಈ ಎರಡನೆಯದರಲ್ಲಿ.

ಎಳೆಯ ಮಹಾನಕ್ಷತ್ರವು ಸೂಸುವ ತೀವ್ರವಾದ ಅತಿನೇರಳೆ ಕಿರಣಗಳು ಸುತ್ತಲಿನ ಜಲಜನಕದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಳಚುತ್ತವೆ. ಹೀಗೆ ಕಳಚಿದ, ಅಂದರೆ ಅಯಾನೀಕೃತವಾದ, ಅನಿಲದ ಗುಳ್ಳೆಯು ರೇಡಿಯೋ ತರಂಗಗಳನ್ನು ಸೂಸುತ್ತದೆ. ವ್ಯಾಸವು ಜ್ಯೋತಿರ್ವರ್ಷದ ಮೂರನೆಯ ಒಂದು ಪಾಲನ್ನು ಮೀರದ ಗುಳ್ಳೆಗಳಿಗೆ ‘ಅತಿಸಂಕುಚಿತ’ವೆಂದು ಹೆಸರು. ಡಗ್ಲಾಸ್ ವುಡ್ ಮತ್ತು ಎಡ್ವರ್ಡ್ ಚರ್ಚ್‌ವೆಲ್ ಎಂಬ ವಿದ್ವಾಂಸರು ನ್ಯೂ ಮೆಕ್ಸಿಕೋದ ‘ವೆರಿ ಲಾರ್ಜ್ ಅರೇ’ ಎಂಬ 27 ಆಂಟೆನಾಗಳ ದೂರದರ್ಶಕದಿಂದ ಇಂಥ 75 ಗುಳ್ಳೆಗಳ ಚಿತ್ರಗಳನ್ನು ತೆಗೆದು 1989ರಲ್ಲಿ ಪ್ರಕಟಿಸಿದರು. ಆಕಾರಗಳನ್ನು ವಿಂಗಡಿಸಿ, ಐದನೆಯ ಒಂದು ಪಾಲು ಧೂಮಕೇತುವಿನಂತೆ ಮುಂದಲೆ ಹೊಳೆದು ಹಿಂದೆ ಬಾಲ ಚಾಚಿರುವುದನ್ನು ತೋರಿಸಿದರು. ಈ ಕ್ಷೇತ್ರದ ಆಕರಗ್ರಂಥಗಳಲ್ಲಿ ಇದು ಗಣ್ಯವಾದುದು. ಇಂದಿಗೂ ಇದನ್ನು ಉಲ್ಲೇಖಿಸದೆ ಈ ವಿಷಯವಾಗಿ ಯಾರೂ ಬರೆಯಲಾರರು.

ಇದರಿಂದ ಎದ್ದ ಸಮಸ್ಯೆ ಇತಿಹಾಸದ ವಿದ್ಯಾರ್ಥಿಗೆ ವಿಶೇಷವಾಗಿ ರುಚಿಸತಕ್ಕದ್ದು. ಬಿಸಿಯಾದ ಗುಳ್ಳೆಯು ಸುತ್ತಲಿನ ತಣ್ಣನೆಯ ಅನಿಲವನ್ನು ತಳ್ಳುತ್ತ ಸೆಕೆಂಡಿಗೆ ಸುಮಾರು 10 ಕಿಲೋಮೀಟರಿನಂತೆ ಹಿಗ್ಗಬೇಕು. ಈ ಲೆಕ್ಕದಂತೆ ಅತಿಸಂಕುಚಿತ ಸ್ಥಿತಿಯು ಹತ್ತು ಸಾವಿರ ವರ್ಷ ಬಾಳಿದರೆ ಹೆಚ್ಚು. ಆದರೆ ಅವರು ಎಣಿಕೆಯ ಮಾರ್ಗವನ್ನೂ ಹಿಡಿದರು. ಒಂದು ಊರಿನಲ್ಲಿ ಹುಟ್ಟು ಒಂದೇ ಸಮನೆ ನಡೆಯುತ್ತಿದ್ದು, ಎಲ್ಲರೂ ನೂರು ವರ್ಷ ಬಾಳುವವರಾದರೆ, ನೂರು ಜನರಲ್ಲಿ ಹದಿನೈದು ಜನ ಮಕ್ಕಳಿದ್ದಲ್ಲಿ ಬಾಲ್ಯವು ಹದಿನೈದು ವರ್ಷವೆಂದು ಹೇಳಬಹುದಷ್ಟೆ. ಅದೇ ರೀತಿಯಲ್ಲಿ, ಅವಕೆಂಪು ಕಿರಣಗಳ ಉಪಗ್ರಹವಾದ ಐರಾಸ್ ಒದಗಿಸಿದ ಪಟ್ಟಿಯ ನೆರವಿನಿಂದ, ನಮ್ಮ ನಕ್ಷತ್ರಮಂಡಲದ ಅತ್ಯಂತ ದೊಡ್ಡ ನಕ್ಷತ್ರಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಈ ಸ್ಥಿತಿಯಲ್ಲಿವೆಯೆಂದು ಅವರು ಅಂದಾಜು ಮಾಡಿದರು. ಹಾಗಾದರೆ ಸ್ಥಿತಿಯ ಅವಧಿ ಲಕ್ಷಾಂತರ ವರ್ಷವಾಗಬೇಕು! ಹತ್ತು ಸಾವಿರವೆಲ್ಲಿ, ಲಕ್ಷಗಳೆಲ್ಲಿ? ಇದಕ್ಕೆ ‘ಆಯುಸ್ಸಿನ ಸಮಸ್ಯೆ’ ಎಂದೇ ಹೆಸರಾಯಿತು.

ಪರಿಹಾರಗಳಿಗೆ ಬರಗಾಲವಿರಲಿಲ್ಲ. ನಕ್ಷತ್ರವು ಮೋಡದಲ್ಲಿ ವೇಗವಾಗಿ ಚಲಿಸುತ್ತ ಮುಂದಲೆಯ ಅನಿಲವನ್ನು ಒತ್ತಿ ಹಿಡಿಯುತ್ತದೆಂದರು ಕೆಲವರು. ಸುತ್ತಲಿನ ಒತ್ತಡವೇ ಹಿಗ್ಗನ್ನು ತಡೆಯುತ್ತದೆಂದರು ಮತ್ತೆ ಕೆಲವರು. ನಕ್ಷತ್ರವನ್ನು ಬಳಸಿದ ತಟ್ಟೆಯಿಂದ ಅನಿಲ ಆವಿಯಾಗಿ ಗುಳ್ಳೆಯನ್ನು ತುಂಬುತ್ತಿರುತ್ತದೆಂಬುದು ಇನ್ನೊಂದು ಪಕ್ಷ. ಇವೆಲ್ಲವೂ ಕೇಳುವುದು ಒಂದೇ: ಗುಳ್ಳೆ ಏಕೆ ನಿಧಾನವಾಗಿ ಬೆಳೆಯುತ್ತದೆ? ಬೆಳವಣಿಗೆ ಒಂದೇ ದಿಕ್ಕಿನಲ್ಲಿ ಸಾಗುತ್ತದೆಯೇ ಎಂಬ ಪ್ರಶ್ನೆಯನ್ನು ಬಹುಕಾಲ ಹೆಚ್ಚಿನವರು ಎತ್ತಲಿಲ್ಲ. ಚಿಕ್ಕದು ಎಳೆಯದು, ದೊಡ್ಡದು ಬಲಿತದ್ದು ಎಂಬುದು ಪ್ರಮಾಣಸಿದ್ಧವೆಂಬಂತೆ ನಡೆಯಿತು.

ಇಲ್ಲಿ ನಮ್ಮ ಶಾಸ್ತ್ರದ ಅನುಭವವನ್ನು ಹೇಳಬಯಸುತ್ತೇವೆ. ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ಅದನ್ನು ಸುಮಾರು ಕ್ರಿ.ಶ. 450ರದೆಂದು ಹೇಳುವುದು ಲಿಪಿ ಮತ್ತು ಒಳಸಾಕ್ಷ್ಯಗಳ ಬಲದಿಂದ. ಅಕ್ಷರದ ಆಕಾರದಿಂದ ಕಾಲವನ್ನು ಹೇಳಬಹುದೆಂಬ ಧೈರ್ಯ ನಮಗೆ ಬಂದದ್ದಾದರೂ ಎಲ್ಲಿಂದ? ಶಕ 500ರ ಮಂಗಳೇಶನ ಬಾದಾಮಿ ಶಾಸನದಂಥ, ತೇದಿಯುಳ್ಳ ಕಲ್ಲುಗಳು ಅಲ್ಲಲ್ಲಿ ಗೂಟ ಹೊಡೆದಂತೆ ನಿಂತಿರುವುದರಿಂದ. ಆ ಗೂಟಗಳಿಲ್ಲದಿದ್ದರೆ ಲಿಪಿಗಳನ್ನು ಸರಳದಿಂದ ಜಟಿಲಕ್ಕೆ ಸಾಲಾಗಿ ಜೋಡಿಸಬಹುದಿತ್ತು. ಆದರೆ ಅದು ಜೋಡಣೆಯಾಗುತ್ತಿತ್ತೇ ಹೊರತು ಕಾಲಾನುಕ್ರಮವಾಗುತ್ತಿರಲಿಲ್ಲ. ಹಳೆಯ ಅಕ್ಷರವನ್ನು ಬೇಕೆಂದೇ ಅನುಕರಿಸಿದ ಈಚಿನ ಲಿಪಿಕಾರನೂ ಇರಬಹುದೆಂಬುದನ್ನು ನಾವು ತರಗತಿಯಲ್ಲಿ ಪದೇಪದೇ ಎಚ್ಚರಿಸುತ್ತೇವೆ. 75 ಗುಳ್ಳೆಗಳ ಪಟ್ಟಿಯಲ್ಲಿ ತೇದಿಯ ಗೂಟ ಒಂದೂ ಇರಲಿಲ್ಲ.

ಎಣಿಕೆಯ ವಿಷಯದಲ್ಲಿಯೂ ಒಂದು ಮಾತು. ಆ 75 ಗುಳ್ಳೆಗಳು ಆಕಾಶವನ್ನೆಲ್ಲ ಸಮನಾಗಿ ಶೋಧಿಸಿದುದರ ಫಲವಲ್ಲ. ಮೊದಲೇ ಸುಳಿವು ದೊರೆತಿದ್ದ ತಾಣಗಳನ್ನು ಆಯ್ದು ನೋಡಿದುದು. ಐರಾಸ್ ಪಟ್ಟಿಯಿಂದ ಬಣ್ಣದ ಆಧಾರದ ಮೇಲೆ ಹೆಕ್ಕಿದವುಗಳಲ್ಲಿ, ಅಷ್ಟು ದೊಡ್ಡವಲ್ಲದ ನಕ್ಷತ್ರಗಳ ಧೂಳಿನ ಗೂಡುಗಳೂ ಸೇರಿರಬಹುದೆಂಬ ಆಕ್ಷೇಪ ಆಮೇಲೆ ಬಂದಿತು. ಅಲ್ಲದೆ ದಟ್ಟವಾದ ಗುಳ್ಳೆಯು ಉದ್ದನೆಯ ಅಲೆಗಳಲ್ಲಿ ಮಂಕಾಗಿರುವುದರಿಂದ, ಹಳೆಯ ಸಮೀಕ್ಷೆಗಳಲ್ಲಿ ಅದು ತಪ್ಪಿಹೋಗುವ ಸಂಭವ ಹೆಚ್ಚು. ಬಳಿಕ ‘ಕಾರ್ನಿಷ್’ ಎಂಬ ಹೆಸರಿನ ಸಮೀಕ್ಷೆಯು ಉತ್ತರದ ಆಕಾಶಗಂಗೆಯ ಒಂದು ಭಾಗವನ್ನು ಮುನ್ಸುಳಿವಿನ ಹಂಗಿಲ್ಲದೆ 5 ಗಿಗಾಹರ್ಟ್ಸಿನಲ್ಲಿ ಶೋಧಿಸಿತು. ಅದರಲ್ಲಿ ದೊರೆತ ಅತಿಸಂಕುಚಿತ ಗುಳ್ಳೆಗಳು 239. ಎಣಿಕೆ ಸುಧಾರಿಸಿತು. ಎಣಿಕೆಯಿಂದ ವಯಸ್ಸಿಗೆ ನೆಗೆಯುವ ಸೇತುವೆ ಮಾತ್ರ ಅದೇ.

ಆ ಸೇತುವೆಯ ಕೆಳಗೆ ಮೊದಲ ಬಾರಿಗೆ ಇಣಿಕಿ ನೋಡಿದ್ದು, ನಮ್ಮ ಅಭಿಪ್ರಾಯದಲ್ಲಿ, 2010ರ ಆಚೀಚೆ ನಡೆದ ಗಣಕಯಂತ್ರದ ಲೆಕ್ಕಗಳು. ಪೀಟರ್ಸ್ ಮತ್ತು ಸಂಗಡಿಗರ ಲೆಕ್ಕದಂತೆ, ಮಹಾನಕ್ಷತ್ರದ ಮೇಲೆ ಬೀಳುವ ಅನಿಲವು ಸಮವಾದ ಧಾರೆಯಲ್ಲ. ಗಂಟುಗಂಟಾಗಿ, ಎಳೆಎಳೆಯಾಗಿ ಬೀಳತಕ್ಕದ್ದು. ಗಂಟೊಂದು ಅಡ್ಡ ಬಂದಾಗ ಕಿರಣಗಳು ತಡೆದು ಗುಳ್ಳೆ ಕುಗ್ಗುತ್ತದೆ. ಸರಿದುಹೋದಾಗ ಮತ್ತೆ ಹಿಗ್ಗುತ್ತದೆ. ಗಾಳಿಗಿಟ್ಟ ದೀಪದ ಕುಡಿಯಂತೆ ಅದು ತುಯ್ಯುತ್ತಿರುತ್ತದೆಯೇ ವಿನಾ ಏಕಪ್ರಕಾರವಾಗಿ ಬೆಳೆಯುವುದಿಲ್ಲ. ಹಾಗಿದ್ದಲ್ಲಿ ಗಾತ್ರವು ವಯಸ್ಸಿನ ಗುರುತಲ್ಲ. ಚಿಕ್ಕ ಗುಳ್ಳೆ ದೊಡ್ಡದಕ್ಕಿಂತ ಹಿರಿಯದಾಗಿರಬಹುದು. ಇದರ ಬೆನ್ನಲ್ಲೇ 2011ರಲ್ಲಿ ಗಾಲ್ವಾನ್-ಮಾದ್ರಿದ್ ಮತ್ತು ಸಂಗಡಿಗರು, ಹತ್ತು ವರ್ಷಗಳ ಅಂತರದಲ್ಲಿ ನೂರಕ್ಕೆ ಸುಮಾರು ಹತ್ತು ಗುಳ್ಳೆಗಳಲ್ಲಿ ಅಳೆಯತಕ್ಕಷ್ಟು ವ್ಯತ್ಯಾಸ ಕಾಣಬೇಕೆಂದು ಮುಂಚಿತವಾಗಿಯೇ ಹೇಳಿದರು.

ಪರೀಕ್ಷೆಗೆ ಒದಗಿದ್ದು ಹಳೆಯ ದಾಖಲೆ. ನಕ್ಷತ್ರಮಂಡಲದ ಕೇಂದ್ರದ ಬಳಿ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ಸ್ಯಾಜಿಟೇರಿಯಸ್ ಬಿ2 ಎಂಬ ಬೃಹತ್ತಾದ ಮೋಡವಿದೆ. ವೆರಿ ಲಾರ್ಜ್ ಅರೇ ಇದನ್ನು 1989ರಲ್ಲಿ 1.3 ಸೆಂಟಿಮೀಟರು ಅಲೆಯುದ್ದದಲ್ಲಿ ನೋಡಿತ್ತು. ಡಿ ಪ್ರೀ ಮತ್ತು ಸಂಗಡಿಗರು 2012ರಲ್ಲಿ ಅದೇ ಅಲೆಯುದ್ದದಲ್ಲಿ, ಹೊಂದಿಕೆಯಾಗುವ ಸೂಕ್ಷ್ಮತೆಯಲ್ಲಿ ಮತ್ತೊಮ್ಮೆ ನೋಡಿ, 41 ಗುಳ್ಳೆಗಳ ಪ್ರಭೆಯನ್ನು ಒಂದಕ್ಕೊಂದು ಹೋಲಿಸಿದರು. ನಡುವಣ 23 ವರ್ಷಗಳಲ್ಲಿ ದೂರದರ್ಶಕದ ಗ್ರಾಹಕಗಳೂ ಗಣಕಭಾಗವೂ ಹೊಸದಾಗಿದ್ದುವು. ಆದಕಾರಣ ಕಂಡ ವ್ಯತ್ಯಾಸ ಆಕಾಶದ್ದೋ ಯಂತ್ರದ್ದೋ ಎಂಬ ಶಂಕೆ ಸಹಜ. ಎರಡು ಓಲೆಪ್ರತಿಗಳ ಪಾಠಾಂತರಗಳನ್ನು ನೋಡುವವನು ಲಿಪಿಕಾರನ ಕೈತಪ್ಪನ್ನು ಮೊದಲು ಕಳೆಯಬೇಕಲ್ಲವೆ? ಅವರು ಪ್ರಭೆಯ ನಿರಪೇಕ್ಷ ಅಂಕಿಗಳನ್ನು ನೆಚ್ಚದೆ ಗುಳ್ಳೆಗಳ ಪರಸ್ಪರ ಪ್ರಮಾಣವನ್ನು ಹಿಡಿದುದು ಈ ದೃಷ್ಟಿಯಿಂದ ವಿವೇಕದ ಕೆಲಸ. 2014ರಲ್ಲಿ ಪ್ರಕಟವಾದ ಫಲ ಇದು: 41ರಲ್ಲಿ ನಾಲ್ಕು ಗುಳ್ಳೆಗಳು ಗಣನೀಯವಾಗಿ ಬದಲಾಗಿದ್ದುವು, ಮೂರು ಹೆಚ್ಚು ಬೆಳಗಿದ್ದುವು, ಒಂದು ಮಂಕಾಗಿತ್ತು.

ನಾಲ್ಕು ಎಂಬ ಸಂಖ್ಯೆಯನ್ನು ಕಂಡು ನಗಬಾರದು. ಹತ್ತು ಸಾವಿರ ವರ್ಷದ ಹಿಗ್ಗಿನಲ್ಲಿ 23 ವರ್ಷ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಏಕಪ್ರಕಾರದ ಬೆಳವಣಿಗೆ ನಿಜವಾಗಿದ್ದರೆ ಒಂದರಲ್ಲಿಯೂ ವ್ಯತ್ಯಾಸ ಕಾಣಬೇಕಾಗಿರಲಿಲ್ಲ. ಹಾಗೆಂದು ಇದರಿಂದ ‘ಆಯುಸ್ಸಿನ ಸಮಸ್ಯೆ’ ಬಗೆಹರಿಯಿತೆನ್ನುವುದೂ ಆತುರವೇ. ಒಂದು ಮೋಡದ, ಅದೂ ಮಂಡಲಕೇಂದ್ರದ ಅಸಾಧಾರಣ ಪರಿಸರದ, ಸಾಕ್ಷ್ಯವನ್ನು ಇಡೀ ಮಂಡಲಕ್ಕೆ ಹರಡುವುದು ಒಂದು ರಾಜಧಾನಿಯ ಕಡತದಿಂದ ಹಳ್ಳಿಗಳ ಸ್ಥಿತಿಯನ್ನು ಬರೆದಂತೆ. ಲೇಖಕರು ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ‘ಪರಿಹಾರದ ಕಡೆಗೆ’ ಎಂಬರ್ಥದ ಮಾತನ್ನು ಬಳಸಿರುವುದು ಮೆಚ್ಚತಕ್ಕದ್ದು.

ತೇದಿಯ ಗೂಟ ದೊರೆತ ಇನ್ನೊಂದು ಪ್ರಸಂಗ ಓರಿಯನ್ನಿನದು. ಸಾಕ್ಷಿಗಳ ವಿಚಾರಣೆ ಹೇಗೆ ನಡೆಯತಕ್ಕದ್ದೆಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ನಮ್ಮ ಶಾಸ್ತ್ರದಲ್ಲಿಯೂ ವಿರಳ. ಬೆಕ್ಲಿನ್ ಮತ್ತು ನ್ಯೂಗೆಬೌವರ್ ಎಂಬವರು ಅವಕೆಂಪು ಕಿರಣಗಳಲ್ಲಿ ಕಂಡು 1967ರಲ್ಲಿ ಪ್ರಕಟಿಸಿದ, ಅವರ ಹೆಸರಿನ ಮೊದಲಕ್ಷರಗಳಿಂದ ‘ಬಿಎನ್’ ಎಂದು ಕರೆಯಲ್ಪಡುವ ಎಳೆಯ ನಕ್ಷತ್ರವೊಂದು ಅಲ್ಲಿದೆ. ಸಮೀಪದಲ್ಲೇ, ಧೂಳಿನಲ್ಲಿ ಪೂರ್ತಿ ಹುದುಗಿ ನೇರವಾಗಿ ರೇಡಿಯೋಗೆ ಮಾತ್ರ ಕಾಣುವ ‘ಐ’ ಎಂಬ ಇನ್ನೊಂದಿದೆ. ರೋಡ್ರಿಗೆಸ್ ಮತ್ತು ಸಂಗಡಿಗರು ಹಲವು ವರ್ಷಗಳ ಅಂತರದ ರೇಡಿಯೋ ಚಿತ್ರಗಳನ್ನು ಹೋಲಿಸಿ, ಇವೆರಡೂ ಒಂದರಿಂದೊಂದು ವಿರುದ್ಧ ದಿಕ್ಕಿಗೆ ಓಡುತ್ತಿವೆಯೆಂದು 2005ರಲ್ಲಿ ತೋರಿಸಿದರು. ಹಾದಿಯನ್ನು ಹಿಂದಕ್ಕೆ ಎಳೆದರೆ ಸುಮಾರು ಐದುನೂರು ವರ್ಷಗಳ ಹಿಂದೆ ಎರಡೂ ಒಂದೇ ಕಡೆ ಕೂಡುತ್ತವೆ. ಕೂಡಿ ಹುಟ್ಟಿದ ಕೆಲವು ನಕ್ಷತ್ರಗಳು ತೀರ ಹತ್ತಿರಕ್ಕೆ ಬಂದು, ಪರಸ್ಪರ ಎಸೆದುಕೊಂಡು ಚದುರಿದವೆಂಬುದು ಅವರ ನಿರ್ಣಯ. ಓರಿಯನ್ ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ, ಐದುನೂರು ವರ್ಷವೆಂಬುದು ನಮಗೆ ಕಾಣುವ ಕಾಲದ ಲೆಕ್ಕ. ನಡೆದ ಕಾಲ ಅದಕ್ಕೂ ಹಿಂದಿನದು. ಶಾಸನ ಕೆತ್ತಿದ ತೇದಿಯೂ ದಾನ ಕೊಟ್ಟ ತೇದಿಯೂ ಬೇರೆಬೇರೆಯಾಗಿರುವುದನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ.

ಪ್ರತಿಪಕ್ಷವೂ ಇತ್ತು. ಬಿಎನ್ ಓಡಿಬಂದದ್ದು ಟ್ರೆಪೀಸಿಯಂ ಗುಂಪಿನ ಪ್ರಸಿದ್ಧ ಮಹಾನಕ್ಷತ್ರವೊಂದರ ಬಳಿಯಿಂದ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಎಂದು ಟ್ಯಾನ್ ಎಂಬ ವಿದ್ವಾಂಸರು 2004ರಲ್ಲೇ ವಾದಿಸಿದ್ದರು. ಐದುನೂರು ವರ್ಷದ ಪಕ್ಷದವರು ‘ಎನ್’ ಎಂಬ ಮೂರನೆಯ ರೇಡಿಯೋ ಮೂಲವನ್ನೂ ಅದೇ ಸ್ಥಳದಿಂದ ಓಡಿದ್ದೆಂದು ತಮ್ಮ ಸಾಕ್ಷಿಯಾಗಿ ನಿಲ್ಲಿಸಿದರು. 2017ರಲ್ಲಿ ಈ ಸಾಕ್ಷಿ ಬಿದ್ದುಹೋಯಿತು. ಹಬಲ್ ದೂರದರ್ಶಕದ 1998 ಮತ್ತು 2015ರ ಚಿತ್ರಗಳನ್ನು ಹೋಲಿಸಿದ ಲೂಮನ್ ಮತ್ತು ಸಂಗಡಿಗರು, ‘ಎನ್’ ಹಾಗೆ ಓಡುತ್ತಿಲ್ಲವೆಂದೂ, ಅದರ ಬದಲು ‘ಎಕ್ಸ್’ ಎಂಬ ಇನ್ನೊಂದು ನಕ್ಷತ್ರವು ಸೆಕೆಂಡಿಗೆ ಸುಮಾರು 55 ಕಿಲೋಮೀಟರಿನಂತೆ ಅದೇ ಸ್ಥಳದಿಂದ ಓಡುತ್ತಿದೆಯೆಂದೂ ಕಂಡರು. ಸಾಕ್ಷಿ ಬದಲಾದರೂ ಪಕ್ಷ ಬಲಗೊಂಡಿತು. ‘ಎನ್’ನ ಜೋಡಿ ತುಣುಕುಗಳ ಚಲನೆ ನಕ್ಷತ್ರದ ಓಟವಲ್ಲ, ಅದು ಉಗುಳಿದ ಅನಿಲದ್ದೆಂದು ಮೊದಲಿನ ಪಕ್ಷದವರೇ ಪುನಃಪರಿಶೀಲಿಸಿ ಪ್ರಕಟಿಸಿದರು. ತಮ್ಮ ಸಾಕ್ಷಿಯನ್ನು ತಾವೇ ಹಿಂತೆಗೆದುಕೊಳ್ಳುವುದು ನಮ್ಮ ಸಂಶೋಧಕರಲ್ಲಿ ಎಷ್ಟು ಮಂದಿಗೆ ಸಾಧ್ಯವಾಗಿದೆಯೆಂದು ಕೇಳಿದರೆ ಉತ್ತರ ಹಿತವಾಗಿರಲಾರದು.

2015ರ ಇನ್ನೊಂದು ಘಟನೆಯನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇವೆ. ಎಸ್255 ಎಂಬ ತಾಣದ, ಸೂರ್ಯನ ಇಪ್ಪತ್ತುಪಟ್ಟಿನಷ್ಟು ದ್ರವ್ಯರಾಶಿಯ ಎಳೆಯ ನಕ್ಷತ್ರವೊಂದು ಆ ವರ್ಷ ಹಠಾತ್ತನೆ ಬೆಳಗಿತು. ಅದರ ಮೊದಲ ಸೂಚನೆ ಬಂದದ್ದು ಮೆಥನಾಲ್ ಮೇಸರಿನ ಉಬ್ಬರದಿಂದ. ಒಂದು ವರ್ಷಕ್ಕೆ ಮಿಕ್ಕ ಕಾಲ ಕಳೆದು, 2016ರ ಜುಲೈಯಿಂದೀಚೆಗೆ, ಅದರ ರೇಡಿಯೋ ಪ್ರಭೆಯೂ ಏರತೊಡಗಿತು. ಒಳಗೆ ಬಿದ್ದ ಅನಿಲದ ಒಂದಂಶವು ಚಿಲುಮೆಯಾಗಿ ಹೊರಕ್ಕೆ ಚಿಮ್ಮಲು ಅಷ್ಟು ಕಾಲ ಹಿಡಿಯಿತೆಂದು ಇದನ್ನು ವ್ಯಾಖ್ಯಾನಿಸಿದ್ದಾರೆ. ಕಾರಣಕ್ಕೂ ಕಾರ್ಯಕ್ಕೂ ತೇದಿ ಹಾಕಬಹುದಾದ ಪ್ರಸಂಗವಿದು. ಮೋಡದಿಂದ ನಕ್ಷತ್ರದವರೆಗಿನ ದೀರ್ಘಕಥೆಯಲ್ಲಿ ಒಂದು ಸಾಲು ಮಾತ್ರ, ಆದರೆ ಓದಬಲ್ಲ ಸಾಲು.

ಭೌತವಿಜ್ಞಾನದ ಮಿತ್ರರೊಬ್ಬರು ಈ ಲೇಖನದ ಕರಡನ್ನು ಓದಿ ಎತ್ತಿದ ಆಕ್ಷೇಪವನ್ನು ಮುಚ್ಚಿಡುವುದು ನ್ಯಾಯವಲ್ಲ. ರಾಜರ ಚರಿತ್ರೆಗೆ ನಿಯಮವಿಲ್ಲ, ಅನಿಲದ ಚರಿತ್ರೆಗೆ ನಿಯಮವುಂಟು. ಹಿಗ್ಗಿನ ವೇಗವನ್ನು ಲೆಕ್ಕ ಹಾಕಬಲ್ಲವನಿಗೆ ತೇದಿಯ ಗೂಟದ ಅಗತ್ಯ ಅಷ್ಟಿಲ್ಲ ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿದೆ; ಶಾಸನಲಿಪಿಯ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದೆಂದು ನಾವೂ ಒಪ್ಪುತ್ತೇವೆ. ಆದರೆ 1989ರಲ್ಲಿ ತಪ್ಪಿದ್ದು ನಿಯಮವಲ್ಲ. ಹಿಗ್ಗಿನ ಸೂತ್ರ ಅಂದೂ ಸರಿ, ಇಂದೂ ಸರಿ. ಸುತ್ತಲಿನ ಅನಿಲ ನಿಶ್ಚಲವಾಗಿದೆ, ಸಮವಾಗಿದೆ ಎಂಬ ಊಹೆ ಯಾರ ಕಣ್ಣಿಗೂ ಬೀಳದಂತೆ ಸೂತ್ರದೊಳಗೆ ಸೇರಿಕೊಂಡಿತ್ತು. ಅದನ್ನು ಹೊರಗೆಳೆದದ್ದು ಲೆಕ್ಕ. ಲೆಕ್ಕಕ್ಕೆ ಸಾಕ್ಷಿ ಹೇಳಿದ್ದು 23 ವರ್ಷ ಜೋಪಾನವಾಗಿದ್ದ ಹಳೆಯ ದಾಖಲೆ.

ಆ ವಿದ್ಯಾರ್ಥಿಗೆ ಕಡೆಗೆ ನಾವು ಹೇಳಿದ್ದು ಇಷ್ಟು. ಚಿತ್ರವನ್ನು ಇರಿಸಿಕೊ, ಬಾಣಗಳಲ್ಲಿ ಅಳೆದು ಬರೆದವು ಯಾವುವು, ಊಹಿಸಿ ಬರೆದವು ಯಾವುವು ಎಂದು ಬೇರೆಬೇರೆ ಬಣ್ಣದಲ್ಲಿ ಗುರುತು ಮಾಡಿ ತಾ. ಅವನು ಗುಳ್ಳೆಗಳ ನಡುವಿನ ಬಾಣವನ್ನು ಎರಡು ಕಡೆಗೂ ಮೊನೆಯಿರುವಂತೆ ತಿದ್ದಿ, ಪಕ್ಕದಲ್ಲಿ ‘41ರಲ್ಲಿ 4’ ಎಂದು ಬರೆದು ತಂದನು. ಬದಲಾಗದೆ ಉಳಿದ 37ರ ವಿಷಯವಾಗಿ ಏನು ಬರೆಯಬೇಕೆಂದು ಕೇಳಿದನು. ಅವು ನಿಜವಾಗಿ ನಿಧಾನವಾಗಿ ಬೆಳೆಯುತ್ತಿರುವವೋ, ಎರಡು ತುಯ್ತಗಳ ನಡುವೆ ಸದ್ಯಕ್ಕೆ ತಡೆದು ನಿಂತಿರುವವೋ, ಎರಡು ತೇದಿಗಳಿಂದ ಹೇಳಬರುವುದಿಲ್ಲ, ಮೂರನೆಯದು ಬೇಕು.